ನಮ್ಮ ಧರ್ಮಕೇಂದ್ರದಲ್ಲಿ ದೈವಕರೆಗಳು ನಿಂತುಹೋಗಿವೆ: ಸಮುದಾಯವಾಗಿ ನಾವು ಏನು ಮಾಡಬಹುದು?

ಪ್ರಶ್ನೆ: ಪಾಲನಾ ಸಮಿತಿಯ ಕಾರ್ಯದರ್ಶಿ, ಮಂಡ್ಯ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಕಥೋಲಿಕ ಧರ್ಮಕೇಂದ್ರದಲ್ಲಿ (ಚರ್ಚಿನಲ್ಲಿ) ಪಾಲನಾ ಸಮಿತಿಯ ಕಾರ್ಯದರ್ಶಿಯಾಗಿದ್ದೇನೆ. ಫಾದರ್ ಆಗಿಯೋ ಸಿಸ್ಟರ್ ಆಗಿಯೋ ದೇವರ ಸೇವೆಗೆ ಬದುಕನ್ನು ಮುಡಿಪಿಡುವ ಕರೆಯನ್ನು ನಾವು ದೈವಕರೆ ಎನ್ನುತ್ತೇವೆ. ನಮ್ಮದು ಸುಮಾರು ನೂರೆಂಬತ್ತು ಮನೆಗಳ ಸಮುದಾಯ. ಕಬ್ಬು, ಭತ್ತ, ರೇಷ್ಮೆಯನ್ನು ನೆಚ್ಚಿಕೊಂಡ ಸಂಸಾರಗಳೇ ಹೆಚ್ಚು. ಈಚೆಗೆ ಬಿಡದಿ, ಬೆಂಗಳೂರಿನ ಕಾರ್ಖಾನೆಗಳಿಗೆ ಹೋಗಿಬರುವವರೂ ಇದ್ದಾರೆ.

ಗುರುಮನೆಯ ಹಜಾರದ ಗೋಡೆಯ ಮೇಲೆ ನಮ್ಮೂರಿನಿಂದ ಗುರುದೀಕ್ಷೆ ಪಡೆದು ಫಾದರ್ ಆದವರ ಭಾವಚಿತ್ರಗಳು ಸಾಲಾಗಿ ತೂಗುತ್ತಿವೆ. ಮೊದಲನೆಯದು ಕಪ್ಪುಬಿಳುಪಿನದು, ಅದರ ಒಂದು ಮೂಲೆಯನ್ನು ಗೆದ್ದಲು ತಿಂದಿದೆ. ಕೊನೆಯದು ಬಣ್ಣದ್ದು. ಅದರ ಪಕ್ಕದಲ್ಲಿ, ಮುಂದೆ ಬರುವವರಿಗಾಗಿ ಎಂದು ಆಗಲೇ ಒಂದು ಮೊಳೆ ಹೊಡೆದಿಟ್ಟಿದ್ದರು. ಹದಿನಾಲ್ಕು ವರ್ಷಗಳಿಂದ ಆ ಮೊಳೆಗೆ ಕ್ಯಾಲೆಂಡರ್ ತೂಗುಹಾಕುತ್ತಿದ್ದೇವೆ. ಕನ್ಯಾಮಠ ಸೇರಿದ ಹೆಣ್ಣುಮಕ್ಕಳ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲವಾದರೂ ಹಿಂದೆ ಸಾಕಷ್ಟು ಮಂದಿ ಹೋಗಿದ್ದರೆಂದು ಹಿರಿಯರು ಹೇಳುತ್ತಾರೆ. ಆರು ವರ್ಷಗಳ ಹಿಂದೆ ಒಬ್ಬ ಹುಡುಗ, ಫಾದರ್ ಆಗುವವರಿಗೆ ತರಬೇತಿ ಕೊಡುವ ಗುರುಮಠಕ್ಕೆ ಹೋಗಿದ್ದನು. ಮೂರು ವರ್ಷಕ್ಕೇ ಹಿಂದಿರುಗಿ ಬಂದುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ನಾವು ಏನೂ ಮಾಡದೆ ಕುಳಿತಿಲ್ಲ. ಈಸ್ಟರಿನಿಂದ ಆರಂಭವಾಗುವ ಪಾಸ್ಖಕಾಲದ ನಾಲ್ಕನೆಯ ಭಾನುವಾರ, ಉತ್ತಮ ಕುರಿಗಾಹಿಯ ಶುಭಸಂದೇಶವನ್ನು ಓದುವ ಆ ದಿನ, ಪ್ರತಿವರ್ಷವೂ ದೈವಕರೆಗಳಿಗಾಗಿ ವಿಶೇಷ ಪೂಜೆ ಇರುತ್ತದೆ. ಮಾಸದ ಮೊದಲ ಶುಕ್ರವಾರ ಆರಾಧನೆಯಲ್ಲಿ ಇದೇ ಉದ್ದೇಶಕ್ಕಾಗಿ ಪ್ರಾರ್ಥಿಸುತ್ತೇವೆ. ಕಳೆದ ವರ್ಷ ಗುರುಮಠದ ಬ್ರದರ್‌ಗಳನ್ನು ಕರೆಸಿ ಹಾಡಿಸಿದೆವು, ಮಕ್ಕಳಿಗೆ ರಸಪ್ರಶ್ನೆ ಏರ್ಪಡಿಸಿದೆವು. ಕೊನೆಯಲ್ಲಿ, ಪೂಜೆಯಲ್ಲಿ ನೆರವಾಗುವ ಪೀಠಬಾಲಕರನ್ನೆಲ್ಲ ಮುಂದೆ ನಿಲ್ಲಿಸಿ, ನಿಮ್ಮಲ್ಲಿ ಯಾರಿಗೆ ಫಾದರ್ ಆಗಬೇಕೆಂದಿದೆ ಎಂದು ಮೈಕಿನಲ್ಲಿ ಕೇಳಿದಾಗ ಹದಿನೇಳು ಮಂದಿಯೂ ಕೈ ಎತ್ತಿದರು. ಜನರೆಲ್ಲ ಚಪ್ಪಾಳೆ ತಟ್ಟಿದರು. ಆ ಹದಿನೇಳರಲ್ಲಿ ಒಬ್ಬನೂ ಆಮೇಲೆ ಆ ಮಾತೆತ್ತಿಲ್ಲ.

ಇಟಲಿಯ ಲೂ ಎಂಬ ಸಣ್ಣ ಊರಿನಲ್ಲಿ 1881ರಿಂದ ತಾಯಂದಿರು ಸೇರಿ ಪ್ರಾರ್ಥಿಸತೊಡಗಿದ ಮೇಲೆ ಮುನ್ನೂರಕ್ಕೂ ಹೆಚ್ಚು ದೈವಕರೆಗಳು ಬಂದವೆಂಬ ಸಂದೇಶ ನಮ್ಮ ವಾಟ್ಸಾಪ್ ಗುಂಪಿಗೆ ವರ್ಷಕ್ಕೆರಡು ಸಲ ಬರುತ್ತದೆ. ಅದನ್ನು ಓದಿದಾಗಲೆಲ್ಲ, ನಮ್ಮ ಪ್ರಾರ್ಥನೆಯಲ್ಲಿಯೇ ಏನೋ ಕೊರತೆಯಿದೆಯೆಂದು ಮನಸ್ಸಿಗೆ ಚುಚ್ಚುತ್ತದೆ. ಈ ವರ್ಷ ಫಾದರ್ ಒಂದು ಪುಟ್ಟ ದೈವಕರೆ ಸಮಿತಿಯನ್ನು ಮಾಡಿ ಅದರ ಹೊಣೆಯನ್ನು ನನಗೆ ಒಪ್ಪಿಸಿದ್ದಾರೆ. ಅನುಭವಸ್ಥರು ದಾರಿ ತೋರಿಸಬೇಕೆಂದು ವಿನಂತಿ.

ಉತ್ತರ 1: ನಿವೃತ್ತ ಧರ್ಮಭಗಿನಿ, ಮೈಸೂರು

ಮಾನ್ಯರೇ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಗುರುಮನೆಯ ಗೋಡೆಯ ಮೇಲೆ ಗುರುಗಳ ಚಿತ್ರಗಳಿವೆ; ಸಿಸ್ಟರುಗಳ ಲೆಕ್ಕವನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ. ಮೈಕಿನ ಮುಂದೆ ಪೀಠಬಾಲಕರು ನಿಂತಿದ್ದರು. ಆಗ ನಿಮ್ಮ ಹೆಣ್ಣುಮಕ್ಕಳು ಎಲ್ಲಿದ್ದರು? ಜಗಳಕ್ಕೆಂದು ಕೇಳುತ್ತಿಲ್ಲ, ನಾನೇ ಅಂಥ ಊರಿನಿಂದ ಬಂದವಳು. ದೈವಕರೆಯೆಂದರೆ ಗುರುದೀಕ್ಷೆ ಮಾತ್ರ ಎಂದು ಒಂದು ಊರು ಎಣಿಸಿಬಿಟ್ಟರೆ ಅರ್ಧ ಊರಿಗೆ ಕರೆಯೇ ಇಲ್ಲವೆಂದು ಹೇಳಿದಂತಾಗುತ್ತದೆ.

ನನಗೆ ಕರೆ ಬಂದ ಬಗೆಯನ್ನು ಹೇಳುತ್ತೇನೆ. 1970ರ ದಶಕದ ಮಾತು. ನಮ್ಮೂರಿನಲ್ಲಿ ಸಿಸ್ಟರುಗಳು ನಡೆಸುತ್ತಿದ್ದ ಎರಡು ಕೋಣೆಯ ಔಷಧಾಲಯವಿತ್ತು. ಒಂದು ಸಂಜೆ ಕುಡುಗೋಲಿನಿಂದ ಕಾಲು ಕುಯ್ದುಕೊಂಡ ಒಬ್ಬ ಮುದುಕರನ್ನು ಕರೆತಂದರು. ಕರೆಂಟು ಹೋಗಿತ್ತು. ಮದ್ದಿಗಾಗಿ ಬಂದು ಬಾಗಿಲಲ್ಲಿ ನಿಂತಿದ್ದ ನನ್ನ ಕೈಗೆ ಸಿಸ್ಟರ್ ಲಾಟೀನು ಕೊಟ್ಟು, ಇಲ್ಲಿ ಹಿಡಿ, ಮುಖ ತಿರುಗಿಸಬೇಡ ಎಂದರು. ಗಾಯದಲ್ಲಿ ಮಣ್ಣು, ಹುಲ್ಲಿನ ಎಸಳು ಸೇರಿಕೊಂಡಿದ್ದವು. ಅವರು ಒಂದೊಂದನ್ನೇ ಚಿಮುಟದಿಂದ ತೆಗೆದು ತಟ್ಟೆಗೆ ಹಾಕುತ್ತ, ಆ ಮುದುಕರ ಸೊಸೆಯ ಬಾಣಂತನ ಹೇಗಾಯಿತೆಂದು ವಿಚಾರಿಸುತ್ತಿದ್ದರು. ನನಗಾಗ ಹದಿಮೂರು ವರ್ಷ. ನಾನೂ ಇವರಂತೆ ಆಗಬೇಕೆಂದು ಅಂದೇ ಅನ್ನಿಸಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಮರುದಿನ ಯಾರೂ ಕರೆಯದಿದ್ದರೂ ಹೋದೆ, ಆಮೇಲೆಯೂ ಹೋಗುತ್ತಲೇ ಇದ್ದೆ. ಅದಾಗಿ ನಾಲ್ಕು ವರ್ಷಗಳ ಮೇಲೆ, ನೀನು ಎಂದಾದರೂ ಈ ಜೀವನದ ಬಗ್ಗೆ ಯೋಚಿಸಿದ್ದೀಯಾ ಎಂದು ಅದೇ ಸಿಸ್ಟರ್ ಒಂದೇ ಒಂದು ಸಲ ಕೇಳಿದರು. ಆ ನಾಲ್ಕು ವರ್ಷ ಅವರು ಸುಮ್ಮನಿದ್ದುದೇ ನನಗೆ ಮಾಡಿದ ದೊಡ್ಡ ಉಪಕಾರ.

ನಮ್ಮ ಕರಾವಳಿಯನ್ನು ನೋಡಿ. ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು 1870ರಲ್ಲಿ ಮಂಗಳೂರಿಗೆ ಬಂದರು. ಉರ್ಸುಲಿನ್ ಫ್ರಾನ್ಸಿಸ್ಕನ್ ಎಂಬ ಸಿಸ್ಟರುಗಳ ಸಭೆ, ಅಂದರೆ ಸಂಘ, 1887ರಲ್ಲಿ ಅಲ್ಲಿಯೇ ಹುಟ್ಟಿತು. ಬೆಥನಿ ಸಭೆಯನ್ನು ಬೆಂದೂರಿನ ಧರ್ಮಕೇಂದ್ರದ ಗುರುಗಳಾಗಿದ್ದ ರೇಮಂಡ್ ಮಸ್ಕರೇನ್ಹಸ್ ಅವರು 1921ರಲ್ಲಿ, ತಮ್ಮ ಧರ್ಮಕೇಂದ್ರದಲ್ಲಿ ಪಾಠ ಹೇಳುತ್ತಿದ್ದ ನಾಲ್ವರು ಹೆಣ್ಣುಮಕ್ಕಳಿಂದ ಆರಂಭಿಸಿದರು. ಇವೆಲ್ಲ ಊರಿನ ನಡುವೆ ಬೆಳೆದ ಸಭೆಗಳು. ಶಾಲೆಗೆ ಹೋಗುವ ಹುಡುಗಿ ದಿನಬೆಳಗಾದರೆ ಸಿಸ್ಟರ್ ಕೆಲಸ ಮಾಡುವುದನ್ನು ಕಾಣುತ್ತಿದ್ದಳು. ಈಗ ನಮ್ಮ ಬಯಲುಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳು ಸಿಸ್ಟರನ್ನು ನೋಡುವುದು ಊರಹಬ್ಬದ ದಿನ, ಅದೂ ಮುಂದಿನ ಸಾಲಿನ ಕುರ್ಚಿಯಲ್ಲಿ. ಕುರ್ಚಿಯಲ್ಲಿ ಕುಳಿತವರನ್ನು ನೋಡಿ ಯಾರಿಗೂ ಏನೂ ಅನ್ನಿಸುವುದಿಲ್ಲ.

ಆದ್ದರಿಂದ ನಿಮ್ಮ ಸಮಿತಿಯ ಮೊದಲ ಕೆಲಸವಾಗಿ, ಊರಿನಿಂದ ಹೋದ ಸಿಸ್ಟರುಗಳ ಹೆಸರನ್ನು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಿ. ಬದುಕಿರುವವರಿಗೆ ಪತ್ರ ಬರೆಯಿರಿ. ರಜೆಯಲ್ಲಿ ಬಂದಾಗ ಸನ್ಮಾನ ಬೇಡ, ಶಾಲು ಹಾರವೂ ಬೇಡ. ಧರ್ಮೋಪದೇಶದ ತರಗತಿಗೆ ಹೆಣ್ಣುಮಕ್ಕಳ ಜೊತೆ ಎರಡು ಗಂಟೆ ಬಿಡಿ. ಇನ್ನೊಂದು ಮಾತನ್ನು ನೋವಿನಿಂದಲೇ ಬರೆಯುತ್ತಿದ್ದೇನೆ: ಮನೆಯಲ್ಲಿ ಬಡತನವಿದೆ, ಇವಳೊಬ್ಬಳನ್ನು ಕಳುಹಿಸಿಬಿಡಿ ಎಂದು ಯಾರೂ ಯಾರಿಗೂ ಹೇಳಬಾರದು. ವರದಕ್ಷಿಣೆಗೆ ಹೆದರಿ ಬಂದ ಹುಡುಗಿಯರನ್ನು ನಾನು, ಹೊಸಬರಿಗೆ ತರಬೇತಿ ಕೊಡುವ ನವಶಿಷ್ಯಾಲಯದಲ್ಲಿ ಕಂಡಿದ್ದೇನೆ, ಅವರು ಅತ್ತುದನ್ನೂ ಕಂಡಿದ್ದೇನೆ.

ಉತ್ತರ 2: ದೈವಕರೆ ಸೇವೆಯಲ್ಲಿ ಏಳು ವರ್ಷ ಇದ್ದ ಗುರು

ಸಿಸ್ಟರ್ ಹೇಳಿದ ಆ ನಾಲ್ಕು ವರ್ಷಗಳ ಮೌನವನ್ನು ದೈವಕರೆ ನಿರ್ದೇಶಕರೆಲ್ಲ ಬರೆದಿಟ್ಟುಕೊಳ್ಳಬೇಕು. ನಾನಂತೂ ಅದನ್ನು ತಡವಾಗಿ ಕಲಿತೆ. ಮೊದಲ ಎರಡು ವರ್ಷ ನಾನು ಮಾಡಿದ್ದೂ ನೀವು ಮಾಡಿದ್ದನ್ನೇ: ಶಾಲೆಶಾಲೆಗೆ ಹೋಗಿ ಕೈ ಎತ್ತಿಸಿ, ಹೆಸರು ಬರೆದುಕೊಂಡು ಬರುತ್ತಿದ್ದೆ. ನೂರಾರು ಹೆಸರುಗಳಿದ್ದ ಆ ಪಟ್ಟಿಯಿಂದ ಗುರುಮಠದ ಬಾಗಿಲವರೆಗೆ ಬಂದವರು ಬೆರಳೆಣಿಕೆಯ ಮಂದಿ, ಅವರಲ್ಲಿಯೂ ಹೆಚ್ಚಿನವರು ಕೈ ಎತ್ತದೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದವರು.

ಬೈಬಲಿನ ಬಾಲಕ ಸಮುವೇಲನ ಕಥೆಯನ್ನು ನಾವೆಲ್ಲ ಪ್ರಬೋಧನೆಯಲ್ಲಿ ಬೇಕಾದಷ್ಟು ಬಳಸಿದ್ದೇವೆ, ಆದರೆ ವೃದ್ಧ ಯಾಜಕ ಏಲಿ ಮಾಡಿದ್ದನ್ನು ಸರಿಯಾಗಿ ಗಮನಿಸಿಲ್ಲ. ರಾತ್ರಿ ದೇವರು ಕರೆದಾಗಲೆಲ್ಲ ಏಲಿಯೇ ಕರೆದನೆಂದು ಸಮುವೇಲ ಅವನ ಬಳಿಗೆ ಓಡುತ್ತಿದ್ದನು. ಮೂರನೆಯ ಸಲ ಹುಡುಗ ಓಡಿಬಂದಾಗ ಇದು ದೇವರ ಕರೆಯೆಂದು ಆ ಮುದುಕನಿಗೆ ಅರ್ಥವಾಯಿತು. ಆಗ ಅವನು ಊರನ್ನು ಎಬ್ಬಿಸಲಿಲ್ಲ, ಹುಡುಗನನ್ನು ಯಾರ ಮುಂದೆಯೂ ನಿಲ್ಲಿಸಲಿಲ್ಲ. ಹೋಗಿ ಮಲಗಿಕೋ, ಮತ್ತೆ ಕರೆದರೆ ಹೀಗೆ ಉತ್ತರಿಸು ಎಂದು ಅಷ್ಟನ್ನೇ ಹೇಳಿಕೊಟ್ಟು ಕಳುಹಿಸಿದನು. ಸಮುದಾಯದ ಪಾಲಿಗೆ ಬರುವ ಕೆಲಸವೂ ಸರಿಸುಮಾರು ಅಷ್ಟೇ, ಆದರೆ ಅದನ್ನು ಮಾಡುವುದು ಸುಲಭವಲ್ಲ.

ಈ ಹೊಣೆ ಗುರುಗಳೊಬ್ಬರದೇ ಅಲ್ಲವೆಂಬುದನ್ನು ಧರ್ಮಸಭೆ ಸ್ಪಷ್ಟವಾಗಿ ಹೇಳಿದೆ. ಲೋಕದ ಬಿಷಪರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆ ಗುರುಗಳ ತರಬೇತಿಯನ್ನು ಕುರಿತು 1965ರ ಅಕ್ಟೋಬರ್ 28ರಂದು ಹೊರಡಿಸಿದ ದಾಖಲೆಯಲ್ಲಿ, ದೈವಕರೆಗಳನ್ನು ಪೋಷಿಸುವುದು ಇಡೀ ಕ್ರೈಸ್ತ ಸಮುದಾಯದ ಕರ್ತವ್ಯವೆಂದೂ ವಿಶ್ವಾಸದಲ್ಲಿ ಬದುಕುವ ಕುಟುಂಬವು ಮೊದಲ ಗುರುಮಠವಿದ್ದಂತೆಂದೂ ಹೇಳಿದೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 233ನೆಯ ವಿಧಿಯೂ ಇದನ್ನೇ ವಿಧಿಸುತ್ತದೆ. ನೀವು ಆಚರಿಸುವ ಭಾನುವಾರವೂ ಹಾಗೆಯೇ ಬಂದದ್ದು. ಆರನೆಯ ಪೌಲರು ಜಗದ್ಗುರು (ಪೋಪ್) ಆಗಿದ್ದಾಗ ಗೊತ್ತುಮಾಡಿ, 1964ರಲ್ಲಿ ಮೊದಲ ಬಾರಿಗೆ ಲೋಕದಾದ್ಯಂತ ಆಚರಿಸಿದ ಪ್ರಾರ್ಥನಾ ದಿನ ಅದು. ಸೇನೆಗೆ ಆಳು ಸೇರಿಸುವ ಮೇಳವನ್ನಾಗಿ ಯಾರೂ ಅದನ್ನು ಎಣಿಸಿರಲಿಲ್ಲ. ಜೊತೆಗೆ ಅದೇ ಸಂಹಿತೆಯ 1026ನೆಯ ವಿಧಿಯನ್ನೂ ನಿಮ್ಮ ಸಮಿತಿಯವರಿಗೆ ಓದಿ ಹೇಳಿ: ದೀಕ್ಷೆ ಪಡೆಯುವಂತೆ ಯಾರನ್ನೂ, ಯಾವ ಬಗೆಯಲ್ಲಿಯೂ, ಯಾವ ಕಾರಣಕ್ಕೂ ಒತ್ತಾಯಿಸಕೂಡದು, ಯೋಗ್ಯನಾದವನನ್ನು ತಡೆಯಲೂಕೂಡದು. ತಂದೆತಾಯಿಯ ಹರಕೆ, ಅಜ್ಜಿಯ ಕಣ್ಣೀರು, ಊರಿನ ಮರ್ಯಾದೆ ಇವೆಲ್ಲವೂ ನನ್ನ ದೃಷ್ಟಿಯಲ್ಲಿ ಒತ್ತಾಯವೇ.

ಲೂ ಊರಿನ ಸಂದೇಶದ ಬಗ್ಗೆ ಒಂದು ಮಾತು. ಅದರಲ್ಲಿ ಎಲ್ಲರ ಕಣ್ಣು ಸಂಖ್ಯೆಯ ಮೇಲೆ ಬೀಳುತ್ತದೆ. ನನ್ನ ಕಣ್ಣು ಬಿದ್ದದ್ದು ಬೇರೆ ಕಡೆ: ಆ ತಾಯಂದಿರು ನನ್ನ ಮಕ್ಕಳಲ್ಲಿ ಒಬ್ಬರನ್ನು ಕರೆ ಎಂದು ಬೇಡಿದರು. ನಮ್ಮ ವಿಶ್ವಾಸಿಗಳ ಬಿನ್ನಹಗಳಲ್ಲಿ ಕೇಳಿಬರುವುದು, ನಮ್ಮ ಧರ್ಮಕೇಂದ್ರದಿಂದ ಅನೇಕರನ್ನು ಕರೆಯಿರಿ ಎಂದು. ಆ ಅನೇಕರಲ್ಲಿ ನಮ್ಮ ಮನೆ ಸೇರಿರುವುದಿಲ್ಲ.

ಕೆಲವು ವ್ಯಾವಹಾರಿಕ ಸಂಗತಿಗಳನ್ನೂ ಜನರಿಗೆ ತಿಳಿಸಬೇಕು, ಏಕೆಂದರೆ ಅರ್ಧ ಭಯ ತಿಳಿಯದಿರುವುದರಿಂದಲೇ ಹುಟ್ಟುತ್ತದೆ. ಒಬ್ಬ ಬಿಷಪರ ಆಡಳಿತದಲ್ಲಿರುವ ಧರ್ಮಕ್ಷೇತ್ರದ ಗುರುವಿಗೂ ಕಪುಚಿನ್, ಜೆಸ್ವಿಟ್ ಮೊದಲಾದ ಸಭೆಗಳ ಗುರುವಿಗೂ ಇರುವ ವ್ಯತ್ಯಾಸ ನಮ್ಮ ಜನರಲ್ಲಿ ಹಲವರಿಗೆ ಗೊತ್ತಿಲ್ಲ. ಧರ್ಮಕ್ಷೇತ್ರದ ಗುರು ಬ್ರಹ್ಮಚರ್ಯಕ್ಕೂ ತನ್ನ ಬಿಷಪರಿಗೆ ವಿಧೇಯತೆಗೂ ಮಾತು ಕೊಡುತ್ತಾನೆ. ಬಡತನದ ವ್ರತವನ್ನು ಸ್ವೀಕರಿಸುವುದಿಲ್ಲ. ಸಭೆಗೆ ಸೇರಿದವನು ಬಡತನ, ಬ್ರಹ್ಮಚರ್ಯ, ವಿಧೇಯತೆ ಮೂರನ್ನೂ ವ್ರತವಾಗಿ ಸ್ವೀಕರಿಸಿ ಸಮುದಾಯದೊಂದಿಗೆ ಬದುಕುತ್ತಾನೆ. ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳುವ ಪ್ರಶ್ನೆ ಬಂದಾಗ ಈ ವ್ಯತ್ಯಾಸ ಮುಖ್ಯವಾಗುತ್ತದೆ. ಹಾಗೆಯೇ, ಒಮ್ಮೆ ಹೋದರೆ ಮುಗಿಯಿತು ಎಂಬುದೂ ಸರಿಯಲ್ಲ. ತತ್ವಶಾಸ್ತ್ರ, ದೈವಶಾಸ್ತ್ರ ಎರಡೂ ಸೇರಿ ಕಾನೂನಿನಂತೆ ಕನಿಷ್ಠ ಆರು ಪೂರ್ಣ ವರ್ಷಗಳ ಅಧ್ಯಯನವಿದೆ. ಅದಕ್ಕೆ ಮೊದಲು ಸಿದ್ಧತೆಯ ಕಾಲ, ನಡುವೆ ಸೇವಾನುಭವದ ಕಾಲ ಬೇರೆ. ಇಪ್ಪತ್ತೈದು ತುಂಬುವ ಮೊದಲು ಗುರುದೀಕ್ಷೆಯಿಲ್ಲ. ಸಿಸ್ಟರುಗಳ ವಿಷಯದಲ್ಲಿ ನವಶಿಷ್ಯತ್ವಕ್ಕೆ ಹದಿನೇಳು ತುಂಬಿರಬೇಕು, ಅದು ಹನ್ನೆರಡು ತಿಂಗಳಾದರೂ ನಡೆಯಬೇಕು, ಆಮೇಲೆ ಸಾಮಾನ್ಯವಾಗಿ ಮೂರರಿಂದ ಆರು ವರ್ಷ ತಾತ್ಕಾಲಿಕ ವ್ರತಗಳು. ಈ ಅವಧಿಯೆಲ್ಲ ಹುಡುಗ, ಹುಡುಗಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದಕ್ಕಾಗಿಯೂ ಇದೆ. ಬೇಡವೆಂದು ಹೊರಬರುವುದಕ್ಕೆ ಪ್ರತಿ ಹಂತದಲ್ಲಿಯೂ ಬಾಗಿಲಿದೆ.

ಇನ್ನು ಹುಡುಗರೊಡನೆ ಮಾತನಾಡುವ ಬಗೆ. ಗುಂಪಿನಲ್ಲಿ ಕೇಳಬೇಡಿ, ಒಬ್ಬೊಬ್ಬನನ್ನೇ ಕೇಳಿ. ಆದರೆ ತಂದೆತಾಯಿಗೆ ತಿಳಿದಂತೆ, ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಕೇಳಿ. ಮಕ್ಕಳ ವಿಷಯದಲ್ಲಿ ಈ ಎಚ್ಚರವನ್ನು ಯಾರೂ ಸಡಿಲಿಸಬಾರದು, ಗುರುವಂತೂ ಸಡಿಲಿಸಲೇಬಾರದು. ಮತ್ತು ಕೇಳುವಾಗ ಕಾರಣ ಹೇಳಿ. ಧೂಪದಾನಿಗೆ ಕೆಂಡ ಹಾಕುವಾಗ ಚಿಕ್ಕವರನ್ನು ದೂರ ನಿಲ್ಲಿಸಿ ನೀನೇ ಮುಂದೆ ಬರುತ್ತೀಯಲ್ಲ, ಅದನ್ನು ನೋಡಿದೆ ಎಂಬಂಥ ಮಾತು ಹದಿನಾರರ ಹುಡುಗನ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಉತ್ತರ 3: ಒಬ್ಬ ತಾಯಿ, ಹಾಸನ ಜಿಲ್ಲೆ

ಫಾದರ್ ಬರೆದಿರುವ ಆ ಅನೇಕರ ಮಾತು ನನ್ನನ್ನೇ ನೋಡಿ ಬರೆದಂತಿದೆ. ಪ್ರತಿ ಸಂಜೆ ಜಪಸರದ ಕೊನೆಗೆ ದೈವಕರೆಗಳಿಗಾಗಿ ಒಂದು ಪರಲೋಕಮಂತ್ರ, ಒಂದು ನಮೋಮರಿಯಾ ಹೇಳುವ ವಾಡಿಕೆ ನಮ್ಮ ಮನೆಯಲ್ಲಿ ನನ್ನ ಅತ್ತೆಯ ಕಾಲದಿಂದ ಇತ್ತು. ಎರಡನೆಯ ಪಿಯುಸಿ ಪರೀಕ್ಷೆ ಮುಗಿದ ವಾರ ನನ್ನ ಮಗ, ಗುರುಮಠಕ್ಕೆ ಹೋಗುತ್ತೇನೆ ಎಂದನು. ಆ ರಾತ್ರಿಯಿಂದ ಸುಮಾರು ನಾಲ್ಕು ತಿಂಗಳು ನಾನು ಆ ಪ್ರಾರ್ಥನೆಯನ್ನು ಬಿಟ್ಟುಬಿಟ್ಟೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆಯೇ. ಇಷ್ಟು ವರ್ಷ ನಾನು ಬೇಡಿದ್ದು ಪಕ್ಕದ ಮನೆಯ ಮಗನನ್ನು.

ಅವನು ನಮಗೆ ಒಬ್ಬನೇ ಗಂಡುಮಗ, ಇನ್ನೊಬ್ಬಳು ಮಗಳು. ನನ್ನ ಅತ್ತೆಗೆ ಎಂಟು ಮಕ್ಕಳಿದ್ದರು. ಒಬ್ಬರನ್ನು ದೇವರಿಗೆ ಕೊಟ್ಟರೂ ಮನೆ ತುಂಬಿಯೇ ಇರುತ್ತಿತ್ತು. ವಂಶ ಇಲ್ಲಿಗೇ ನಿಂತಿತಲ್ಲ ಎಂದು ನೆಂಟರು ಬಾಗಿಲಲ್ಲೇ ಕೇಳಿದರು, ಪೂಜೆ ಮುಗಿಸಿ ಬರುವ ದಾರಿಯಲ್ಲಿಯೂ ಕೇಳಿದರು. ಧರ್ಮಕೇಂದ್ರದವರು ಅಭಿನಂದನೆ ಹೇಳಿ ಹೋಗುತ್ತಿದ್ದರೇ ಹೊರತು ನನ್ನ ಭಯವೇನೆಂದು ಕೇಳಿದವರಿಲ್ಲ. ಕೊನೆಗೆ ನಮ್ಮ ಫಾದರ್ ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಂದು, ಅಡುಗೆಮನೆಯ ಬಾಗಿಲ ಹತ್ತಿರ ಮಣೆಯ ಮೇಲೆ ಕುಳಿತು, ಮುದ್ದೆ ಬಸ್ಸಾರು ಉಂಡು, ನೀವು ಒಪ್ಪುವವರೆಗೆ ಅವನು ಎಲ್ಲಿಗೂ ಹೋಗುವುದಿಲ್ಲ, ಮೊದಲು ನೀವೇ ಗುರುಮಠವನ್ನು ನೋಡಿಬನ್ನಿ ಎಂದರು. ಹೋಗಿ ನೋಡಿದೆವು. ನಾನು ಗಮನಿಸಿದ್ದು ದೇವಾಲಯವನ್ನೂ ಅಲ್ಲ, ಗ್ರಂಥಾಲಯವನ್ನೂ ಅಲ್ಲ. ಊಟವಾದ ಮೇಲೆ ಹುಡುಗರು ಸಾಲಾಗಿ ನಿಂತು ತಟ್ಟೆ ತೊಳೆಯುತ್ತ ಒಬ್ಬರನ್ನೊಬ್ಬರು ರೇಗಿಸಿ ನಗುತ್ತಿದ್ದರು. ಅದನ್ನು ನೋಡಿದ ಮೇಲೆ ಸ್ವಲ್ಪ ಉಸಿರಾಡಿದೆ.

ಈಗ ಅವನು ದೈವಶಾಸ್ತ್ರದ ಎರಡನೆಯ ವರ್ಷದಲ್ಲಿದ್ದಾನೆ. ಸಮಿತಿ ಮಾಡುವವರು ಮಕ್ಕಳ ಹತ್ತಿರ ಹೋಗುವ ಮೊದಲು ಅಡುಗೆಮನೆಗಳಿಗೆ ಹೋಗಲಿ ಎಂಬುದು ನನ್ನ ಕೋರಿಕೆ.

ಉತ್ತರ 4: ಹಿಂದಿರುಗಿ ಬಂದವನು, ಚಿಕ್ಕಮಗಳೂರು ಜಿಲ್ಲೆ

ಪ್ರಶ್ನೆಯಲ್ಲಿರುವ ಒಂದು ಸಾಲಿಗೆ ಈವರೆಗೆ ಯಾರೂ ಉತ್ತರಿಸಿಲ್ಲವಾದುದರಿಂದ ನಾನು ಉತ್ತರಿಸುತ್ತೇನೆ. ಒಬ್ಬ ಹುಡುಗ ಹೋಗಿದ್ದನು, ಮೂರು ವರ್ಷಕ್ಕೆ ಹಿಂದಿರುಗಿದನು, ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂದು ಬರೆದಿದ್ದೀರಿ. ನಾನೂ ಲೆಕ್ಕಕ್ಕೆ ಸಿಗದವನೇ. ಐದು ವರ್ಷ ಗುರುಮಠದಲ್ಲಿದ್ದು ಹೊರಬಂದೆ. ಯಾವ ತಪ್ಪನ್ನೂ ಮಾಡಿ ಬಂದವನಲ್ಲ. ಇದು ನನ್ನ ಹಾದಿಯಲ್ಲವೆಂದು ನನ್ನ ಆಧ್ಯಾತ್ಮಿಕ ಗುರುಗಳ ಜೊತೆ ಒಂದು ವರ್ಷ ಕೂತು, ಪ್ರಾರ್ಥಿಸಿ, ತೀರ್ಮಾನಿಸಿ ಬಂದೆ. ಅಲ್ಲಿ ನನ್ನನ್ನು ಪ್ರೀತಿಯಿಂದಲೇ ಬೀಳ್ಕೊಟ್ಟರು.

ಊರಿನಲ್ಲಿ ಆದದ್ದು ಬೇರೆ. ಹೋಗುವಾಗ ಪೀಠದ ಮುಂದೆ ಹಾರ ಹಾಕಿ, ಬಸ್‌ ನಿಲ್ದಾಣದವರೆಗೆ ಬ್ಯಾಂಡ್ ಬಾರಿಸಿಕೊಂಡು ಹೋಗಿದ್ದರು. ಬಿಳಿ ಬಣ್ಣದಲ್ಲಿ ನನ್ನ ಹೆಸರೂ ಊರಿನ ಹೆಸರೂ ಬರೆದಿದ್ದ ತಗಡಿನ ಟ್ರಂಕನ್ನು ನಾಲ್ಕು ಜನ ಸರದಿಯ ಮೇಲೆ ಹೊತ್ತಿದ್ದರು. ಬರುವಾಗ ಅದೇ ಟ್ರಂಕನ್ನು ರಾತ್ರಿ ಹತ್ತರ ಬಸ್ಸಿನಿಂದ ನಾನೊಬ್ಬನೇ ಇಳಿಸಿಕೊಂಡೆ. ಬೆಳಕಿನಲ್ಲಿ ಬರಬೇಡ ಎಂದು ಮನೆಯವರೇ ಹೇಳಿದ್ದರು. ಅಮ್ಮ ಅದನ್ನು ಹೆಸರಿನ ಭಾಗ ಗೋಡೆಯ ಕಡೆಗೆ ಬರುವಂತೆ ತಿರುಗಿಸಿ ಅಟ್ಟದ ಮೇಲಿಟ್ಟರು. ಟೀ ಅಂಗಡಿಯಲ್ಲಿ ನನಗೆ ಬ್ರದರ್ ಎಂಬ ಹೆಸರು ಖಾಯಂ ಆಯಿತು. ಗುರುಮಠದಲ್ಲಿ ಅದು ಗೌರವದ ಮಾತಾಗಿತ್ತು. ಹೆಣ್ಣು ನೋಡಲು ಹೋದಲ್ಲೆಲ್ಲ, ಅಲ್ಲಿ ಏನು ಮಾಡಿಕೊಂಡು ಬಂದ ಎಂದು ಯಾರಾದರೊಬ್ಬರು ಒಳಗಿನ ಕೋಣೆಯಲ್ಲಿ ಕೇಳುತ್ತಿದ್ದರು, ನನಗೆ ಕೇಳಿಸುವಷ್ಟು ಜೋರಾಗಿ.

ಇದರಿಂದ ನನಗೇನಾಯಿತೆಂಬುದು ಇಲ್ಲಿ ಮುಖ್ಯವಲ್ಲ. ಕೆಲವು ವರ್ಷಗಳ ಮೇಲೆ, ನನಗಿಂತ ಐದಾರು ವರ್ಷ ಚಿಕ್ಕವನಾದ, ಜೊತೆಯಲ್ಲಿ ಪೀಠಸೇವೆ ಮಾಡಿದ ಹುಡುಗನೊಬ್ಬ ಒಂದು ಮದುವೆ ಊಟದ ನಡುವೆ ಹೇಳಿದನು: ನನಗೂ ಹೋಗಬೇಕೆಂದು ತುಂಬಾ ಇತ್ತಣ್ಣ, ನೀನು ಬಂದಾಗ ಊರು ನಿನಗೆ ಮಾಡಿದ್ದನ್ನು ನೋಡಿ ಸುಮ್ಮನಾದೆ. ಅವನಿಗೀಗ ಎರಡು ಮಕ್ಕಳು, ಚೆನ್ನಾಗಿಯೇ ಇದ್ದಾನೆ. ಆದರೆ ನಿಮ್ಮ ಹದಿನೇಳು ಪೀಠಬಾಲಕರು ಮೈಕಿನ ಮುಂದೆ ಕೈ ಎತ್ತಿ, ಆಮೇಲೆ ಯಾಕೆ ಬಾಯಿ ಬಿಡಲಿಲ್ಲವೆಂಬುದಕ್ಕೆ ನಿಮ್ಮ ಪ್ರಾರ್ಥನೆಯ ಕೊರತೆಗಿಂತ ಹತ್ತಿರದ ಕಾರಣ ನಿಮ್ಮೂರಿನಲ್ಲಿಯೇ ಇರಬಹುದು. ಹೊರಬರಲು ಬಾಗಿಲಿದೆಯೆಂದು ಫಾದರ್ ಬರೆದಿದ್ದಾರೆ. ಗುರುಮಠದ ಕಡೆಯಿಂದ ಅದು ನಿಜ. ಅದೇ ಬಾಗಿಲಿನ ಅಗುಳಿ ಊರಿನ ಕಡೆಗಿದೆ.

ಗುರುಮಠದಲ್ಲಿ ಪ್ರತಿವರ್ಷ ಆಗಸ್ಟ್ 4ರಂದು ಸಂತ ಜಾನ್ ಮರಿಯ ವಿಯಾನ್ನಿಯವರ ಹಬ್ಬವನ್ನು ಆಚರಿಸುತ್ತಿದ್ದೆವು. ಲೋಕದ ಧರ್ಮಕೇಂದ್ರಗಳ ಗುರುಗಳಿಗೆಲ್ಲ ಪಾಲಕರಾದ ಅವರನ್ನು ಲತೀನ್ ಬಾರದೆಂದು ಫ್ರಾನ್ಸಿನ ಲಿಯೋನ್‌ನ ಗುರುಮಠದಿಂದ ಮನೆಗೆ ಕಳುಹಿಸಿದ್ದರು. ಎಕ್ಯುಲಿ ಎಂಬಲ್ಲಿ ಬಾಲೇ ಎಂಬ ಧರ್ಮಕೇಂದ್ರದ ಗುರುಗಳು ಅವರನ್ನು ಮತ್ತೆ ತಮ್ಮ ಮನೆಗೇ ಕರೆದುಕೊಂಡು ಪಾಠ ಹೇಳಿ, ಅವರ ಪರವಾಗಿ ಮಾತನಾಡಿ, 1815ರಲ್ಲಿ ದೀಕ್ಷೆಯ ತನಕ ತಲುಪಿಸಿದರು. ಆಗ ವಿಯಾನ್ನಿಯವರಿಗೆ ಇಪ್ಪತ್ತೊಂಬತ್ತು ವರ್ಷ. ಎಕ್ಯುಲಿಯವರೂ ಟ್ರಂಕನ್ನು ಗೋಡೆಗೆ ತಿರುಗಿಸಿಟ್ಟಿದ್ದರೆ ಎಂದು ನನಗೆ ಆಗಾಗ ಅನ್ನಿಸುವುದುಂಟು. ನಾನು ಮತ್ತೆ ಹೋಗಬೇಕಿತ್ತೆಂದು ಹೇಳುತ್ತಿಲ್ಲ, ನನ್ನ ತೀರ್ಮಾನ ಸರಿಯಾಗಿಯೇ ಇತ್ತು.

ನನ್ನನ್ನು ಉಳಿಸಿದವರು ನಮ್ಮೂರಿನ ಒಬ್ಬ ವೃದ್ಧ ಉಪದೇಶಿ. ಬಂದ ಮೊದಲ ಭಾನುವಾರ ನಾನು ಹಿಂದಿನ ಬಾಗಿಲ ಬಳಿ ನಿಂತಿದ್ದೆ. ಪೂಜೆಗೆ ಐದು ನಿಮಿಷವಿರುವಾಗ ಅವರು ವಾಚನಗ್ರಂಥವನ್ನು ತಂದು ನನ್ನ ಕೈಗಿಟ್ಟು, ಇವತ್ತು ಮೊದಲನೆಯ ವಾಚನ ನೀನು ಓದು ಎಂದರು, ನನ್ನ ಉತ್ತರಕ್ಕೂ ಕಾಯದೆ ಮುಂದೆ ಹೋಗಿ ಕುಳಿತರು. ಓದಿದೆ. ಇಂದಿಗೂ ಧರ್ಮೋಪದೇಶದ ತರಗತಿ ನಡೆಸುತ್ತಿದ್ದೇನೆ. ನನ್ನ ತರಗತಿಯಿಂದ ಒಬ್ಬ ಹುಡುಗ ಕಳೆದ ವರ್ಷ ಗುರುಮಠಕ್ಕೆ ಹೋದನು. ಹಾರ, ಬ್ಯಾಂಡ್ ಯಾವುದೂ ಬೇಡವೆಂದು ನಾನೇ ಹಟ ಹಿಡಿದೆ. ಇವನು ಗುರುವಾಗಲು ಹೋಗುತ್ತಿದ್ದಾನೆ ಎನ್ನದೆ, ದೇವರು ತನ್ನಿಂದ ಏನು ಬಯಸುತ್ತಾರೆಂದು ತಿಳಿಯಲು ಹೋಗುತ್ತಿದ್ದಾನೆ, ಎರಡರಲ್ಲಿ ಯಾವುದಾದರೂ ನಮ್ಮವನೇ ಎಂದು ಫಾದರ್ ಪೀಠದಿಂದ ಹೇಳಿದರು.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ವಂದನೆಗಳು. ಉತ್ತರಿಸಲು ಹತ್ತು ದಿನ ತಡವಾಯಿತು, ಅದಕ್ಕೆ ಕಾರಣ ಕೊನೆಯ ಉತ್ತರ. ನಾನು ಬರೆದ ಆ ಸಾಲನ್ನು ತಿದ್ದಿ ಅಳಿಸಿಬಿಡಬಹುದಿತ್ತು, ಆದರೆ ಹಾಗೆಯೇ ಬಿಟ್ಟಿದ್ದೇನೆ. ಬರೆಯುವಾಗ ಅದರಲ್ಲಿ ತಪ್ಪಿದೆಯೆಂದು ನನಗೆ ಹೊಳೆದೇ ಇರಲಿಲ್ಲ, ಅದನ್ನು ಓದುವವರಿಗೆ ಅದು ಕಾಣಬೇಕು.

ಸಮಿತಿಯಲ್ಲಿ ಈ ಉತ್ತರಗಳನ್ನು ಓದಿಸಿದೆ. ಸಿಸ್ಟರುಗಳ ಹೆಸರು ಬರೆಯುವ ಕೆಲಸವನ್ನು ಮರಿಯಾ ಸೇನೆ ಎಂಬ ಭಕ್ತಸಂಘದ ಹೆಂಗಸರು ವಹಿಸಿಕೊಂಡಿದ್ದಾರೆ. ಈವರೆಗೆ ಇಪ್ಪತ್ತಮೂರು ಹೆಸರು ಸಿಕ್ಕಿವೆ. ಅವರಲ್ಲಿ ಒಬ್ಬರು ನನ್ನ ಸ್ವಂತ ಅಜ್ಜಿಯ ತಂಗಿಯೆಂಬುದು ನನಗೆ ಈ ವಾರವಷ್ಟೇ ತಿಳಿಯಿತು. ಮೈಕಿನಲ್ಲಿ ಕೈ ಎತ್ತಿಸುವ ಕಾರ್ಯಕ್ರಮವನ್ನು ಕೈಬಿಟ್ಟಿದ್ದೇವೆ. ಹಾರ, ಬ್ಯಾಂಡ್ ಬಿಡುವ ಮಾತಿಗೆ ಮಾತ್ರ ಸಮಿತಿಯ ಇಬ್ಬರು ಹಿರಿಯರು ಇನ್ನೂ ಒಪ್ಪಿಲ್ಲ. ಊರಿಗೆ ಸಂತೋಷಪಡುವ ಹಕ್ಕಿಲ್ಲವೇ ಎಂಬುದು ಅವರ ವಾದ. ಅದನ್ನು ಪೂರ್ತಿ ತಳ್ಳಿಹಾಕಲು ನನಗೂ ಆಗಲಿಲ್ಲ.

ಮೊನ್ನೆ ಭಾನುವಾರ ಸಂಜೆ ನಮ್ಮೂರಿನ ಆ ಹುಡುಗನಿರುವಲ್ಲಿಗೆ ಹೋಗಿದ್ದೆ. ಹೆದ್ದಾರಿಯ ಪಕ್ಕ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಮೂರು ವರ್ಷಗಳಲ್ಲಿ ನಾನು ಅವನ ಅಂಗಡಿಗೆ ಹೋದದ್ದು ಎರಡೇ ಸಲ, ಎರಡು ಸಲವೂ ಚಾರ್ಜರ್‌ಗಾಗಿ. ಈ ಸಲ ಏನು ಬೇಕಣ್ಣಾ ಎಂದನು. ಏನೂ ಬೇಡ, ಮಾತಾಡಿಸಿಕೊಂಡು ಹೋಗೋಣವೆಂದು ಬಂದೆ ಎಂದೆ. ಸ್ಕ್ರೂ ತಿರುಗಿಸುತ್ತಿದ್ದ ಕೈಯನ್ನು ಅವನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಾಲಿನಿಂದ ಪ್ಲಾಸ್ಟಿಕ್ ಸ್ಟೂಲೊಂದನ್ನು ನನ್ನ ಕಡೆಗೆ ಸರಿಸಿದನು. ಒಂದು ಗಂಟೆ ಕುಳಿತಿದ್ದೆ. ವಾಚನದ ವಿಷಯವನ್ನು ಇನ್ನೂ ಎತ್ತಿಲ್ಲ.